ರೆಕ್ಟ್ಯಾಂಗ್ಯುಲರ್ ವಿಂಡೋ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಗ್ನಲ್‌ನಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಎಷ್ಟೆಷ್ಟಿದೆ ಅಂತ ಲೆಕ್ಕ ಹಾಕುವ ಎಫ್‌ಎಫ್‌ಟಿಯ ಮಾತು ಎತ್ತಿದರೆ ವಿಂಡೋ ಮಾತು ಬಂದೇ ಬರುತ್ತದೆ. ವಿಂಡೋ ಅಂದರೆ ಆ ಲೆಕ್ಕಕ್ಕೆ ಮೊದಲು ಸಿಗ್ನಲ್‌ನ ತುಂಡನ್ನು ಗುಣಿಸುವ ತೂಕಗಳ ಸಾಲು. ವಿಂಡೋ ಮಾತು ಬಂದರೆ ರೆಕ್ಟ್ಯಾಂಗ್ಯುಲರ್‌ಗೆ ಬೈಗುಳ ಕಟ್ಟಿಟ್ಟ ಬುತ್ತಿ. ಆ ಬೈಗುಳದಲ್ಲಿ ಅರ್ಧ ನ್ಯಾಯವಾದದ್ದು, ಇನ್ನರ್ಧ ಯಾರೋ ಹೇಳಿದ್ದನ್ನು ಸುಮ್ನೆ ಮತ್ತೆ ಹೇಳಿದ್ದು. ಮಾತುಕತೆಯಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಲೆಕ್ಕ ಬೇಕಾದ ಕಡೆ ಹೆಚ್ಚಾಗಿ ಒಂದೇ ಉದಾಹರಣೆ ಬಳಸಿದ್ದೇನೆ: ಸೆಕೆಂಡಿಗೆ 8000 ಸ್ಯಾಂಪಲ್, 800 ಸ್ಯಾಂಪಲ್‌ಗಳ ತುಂಡು. ಅಂದರೆ 0.1 ಸೆಕೆಂಡಿನ ಸಿಗ್ನಲ್, ಒಂದು ಬಿನ್‌ಗೂ (ಎಫ್‌ಎಫ್‌ಟಿ ಫಲಿತಾಂಶದ ಒಂದೊಂದು ಫ್ರೀಕ್ವೆನ್ಸಿ ಮನೆ) ಮುಂದಿನದಕ್ಕೂ ನಡುವೆ 10 ಹರ್ಟ್ಸ್.

## ಶುರುವಿನ ಪ್ರಶ್ನೆಗಳು

ರೆಕ್ಟ್ಯಾಂಗ್ಯುಲರ್ ವಿಂಡೋ ಅಂದ್ರೆ ಏನು? ಬರೀ ಒಂದರಿಂದ ಗುಣಿಸೋದಾ?

ಹೌದು, ಅಷ್ಟೇ. ನಿಮಗೆ ಬೇಕಾದ ತುಂಡಿನ ಒಳಗೆ ಎಲ್ಲ ಕಡೆ 1, ಹೊರಗೆ ಎಲ್ಲ ಕಡೆ 0. ಗ್ರಾಫ್ ಬರೆದರೆ ಆಯತ ಕಾಣುತ್ತದೆ, ಅದಕ್ಕೇ ಆ ಹೆಸರು. ಇದಕ್ಕೆ ಬೇರೆ ಹೆಸರುಗಳೂ ಇವೆ. ಗೂಡ್ಸ್ ರೈಲಿನ ಡಬ್ಬಿಯ ಆಕಾರ ಅಂತ ಕೆಲವರು ಬಾಕ್ಸ್‌ಕಾರ್ ಅನ್ನುತ್ತಾರೆ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಇರುವುದೂ ಅದೇ ಹೆಸರು. ಮ್ಯಾಟ್‌ಲ್ಯಾಬ್‌ನಲ್ಲಿ ರೆಕ್ಟ್‌ವಿನ್. ಅಳತೆಯ ಉಪಕರಣಗಳ ಮೆನುವಿನಲ್ಲಿ ಯೂನಿಫಾರ್ಮ್ ಅಂತಲೋ, ನನ್ (ಯಾವುದೂ ಇಲ್ಲ) ಅಂತಲೋ ಇರುತ್ತದೆ. ಆ ಕೊನೆಯ ಹೆಸರೇ ಎಲ್ಲ ಗೊಂದಲಕ್ಕೂ ಮೂಲ.

ನಾನು ಯಾವ ವಿಂಡೋನೂ ಹಾಕಿಲ್ಲ. ಆದ್ರೂ ಹಾಕಿದ್ದೀಯ ಅಂತಾರಲ್ಲ, ಅದು ಹೇಗೆ?

ರೆಕಾರ್ಡಿಂಗ್ ನಿಲ್ಲಿಸಿದಾಗಲೇ ಹಾಕಿಬಿಟ್ಟಿದ್ದೀರಿ. ಸಿಗ್ನಲ್ ನಿಮಗಿಂತ ಮೊದಲೂ ಇತ್ತು, ನೀವು ನಿಲ್ಲಿಸಿದ ಮೇಲೂ ಇರುತ್ತದೆ. ನಡುವೆ ಒಂದು ತುಂಡು ಕತ್ತರಿಸಿಕೊಂಡಿರಿ. ಕತ್ತರಿಸುವುದು ಅಂದರೆ ಒಳಗಿನದನ್ನು 1ರಿಂದ, ಹೊರಗಿನದನ್ನು 0ಯಿಂದ ಗುಣಿಸುವುದು. ಕೋಡ್‌ನಲ್ಲಿ ಆ ಸಾಲು ಇಲ್ಲದಿದ್ದರೂ ಕೆಲಸ ಆಗಿಹೋಗಿದೆ. "ವಿಂಡೋ ಹಾಕದೆ ಎಫ್‌ಎಫ್‌ಟಿ ತೆಗೆದೆ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಯಾವ ವಿಂಡೋ ಅನ್ನುವುದನ್ನು ನೀವು ಆರಿಸಿದಿರೋ, ಅದು ತಾನಾಗಿ ಬಂತೋ, ಅಷ್ಟೇ ವ್ಯತ್ಯಾಸ.

ಲೀಕೇಜ್ ಅಂತಾರಲ್ಲ, ಏನು ಸೋರುತ್ತೆ? ಎಲ್ಲಿಂದ ಸೋರುತ್ತೆ?

ಡಿಎಫ್‌ಟಿ (ಎಫ್‌ಎಫ್‌ಟಿ ವೇಗವಾಗಿ ಮಾಡುವ ಲೆಕ್ಕ ಇದೇ) ನಿಮ್ಮ ತುಂಡನ್ನು ಬಳೆ ಮಾಡಿಕೊಂಡು ನೋಡುತ್ತದೆ. ಪಟ್ಟಿಯ ಕೊನೆಯನ್ನು ತಂದು ಮೊದಲಿಗೆ ಅಂಟಿಸಿದ ಹಾಗೆ. ಆ ಅಂಟು ನಯವಾಗಿ ಕೂತರೆ ತೊಂದರೆ ಇಲ್ಲ. ಕೂರದಿದ್ದರೆ ಅಲ್ಲೊಂದು ಮೆಟ್ಟಿಲು ಬರುತ್ತದೆ. ಆ ಮೆಟ್ಟಿಲು ನಿಮ್ಮ ಸಿಗ್ನಲ್‌ನದ್ದಲ್ಲ, ಕತ್ತರಿಯದ್ದು. ಆದರೆ ಲೆಕ್ಕಕ್ಕೆ ಅದು ಗೊತ್ತಾಗುವುದಿಲ್ಲ. ಮೆಟ್ಟಿಲನ್ನು ಕಟ್ಟಲು ಎಲ್ಲ ಫ್ರೀಕ್ವೆನ್ಸಿಗಳೂ ಬೇಕು, ಹಾಗಾಗಿ ಎಲ್ಲ ಬಿನ್‌ಗಳಲ್ಲೂ ಸ್ವಲ್ಪ ಸ್ವಲ್ಪ ಕಾಣಿಸಿಕೊಳ್ಳುತ್ತದೆ.

ಲೆಕ್ಕದಲ್ಲಿ ನೋಡೋಣ. 800 ಸ್ಯಾಂಪಲ್‌ಗಳಲ್ಲಿ 1000 ಹರ್ಟ್ಸ್ ಅಲೆ ಸರಿಯಾಗಿ 100 ಸುತ್ತು ಮುಗಿಸುತ್ತದೆ. ಅಂಟು ನಯ. 100ನೇ ಬಿನ್‌ನಲ್ಲಿ ಒಂದೇ ಗೆರೆ, ಉಳಿದೆಡೆ ಸೊನ್ನೆ. ಈಗ ಅದನ್ನು 1005 ಹರ್ಟ್ಸ್ ಮಾಡಿ. ನೂರೂವರೆ ಸುತ್ತು. ಅಲೆಯ ತುದಿಯಲ್ಲಿ ಶುರುವಾದ ತುಂಡು ಅಲೆಯ ತಳದಲ್ಲಿ ಮುಗಿಯುತ್ತದೆ. ಪೂರ್ತಿ ಎತ್ತರದ ಮೆಟ್ಟಿಲು. ಅಲೆಯ ನಿಜವಾದ ಎತ್ತರ 1 ಅಂದುಕೊಂಡರೆ 100 ಮತ್ತು 101ನೇ ಬಿನ್‌ಗಳಲ್ಲಿ ತಲಾ 0.64 ಕಾಣುತ್ತದೆ. ಅದರ ಆಚೀಚೆ 0.21, ಅದರಾಚೆ 0.13. ಹೀಗೆ ಮೆಲ್ಲಗೆ, ಬಹಳ ಮೆಲ್ಲಗೆ ಇಳಿಯುತ್ತ ಹೋಗುತ್ತದೆ. 5 ಹರ್ಟ್ಸ್ ಬದಲಾವಣೆಗೆ ಇಷ್ಟು ಗಲಾಟೆ!

ಮೇನ್ ಲೋಬ್, ಸೈಡ್ ಲೋಬ್ ಅಂತ ಚಿತ್ರ ಹಾಕ್ತಾರೆ. ಆ ಅಂಕಿಗಳಲ್ಲಿ ಯಾವುದು ನೆನಪಿಟ್ಟುಕೊಂಡರೆ ಸಾಕು?

ಆ ಚಿತ್ರ ವಿಂಡೋದ್ದೇ ಸ್ಪೆಕ್ಟ್ರಮ್. ಕಾಲದಲ್ಲಿ ಗುಣಾಕಾರ ಮಾಡಿದರೆ ಫ್ರೀಕ್ವೆನ್ಸಿಯಲ್ಲಿ ಕನ್ವಲ್ಯೂಷನ್ ಆಗುತ್ತದೆ. ಹಾಗಾಗಿ ನಿಮ್ಮ ಸಿಗ್ನಲ್‌ನ ಪ್ರತಿ ಗೆರೆಯ ಜಾಗದಲ್ಲೂ ಈ ಆಕಾರ ಬಂದು ಕೂರುತ್ತದೆ. ರೆಕ್ಟ್ಯಾಂಗ್ಯುಲರ್‌ನ ಆಕಾರಕ್ಕೆ ಡಿರಿಕ್ಲೇ ಕರ್ನಲ್ ಅನ್ನುತ್ತಾರೆ, 19ನೇ ಶತಮಾನದ ಗಣಿತಜ್ಞ ಡಿರಿಕ್ಲೇ ಹೆಸರಿನಲ್ಲಿ.

ಮೂರು ಅಂಕಿ ಸಾಕು. ನಡುವಿನ ಗುಡ್ಡ (ಮೇನ್ ಲೋಬ್) 2 ಬಿನ್ ಅಗಲ, ಇದಕ್ಕಿಂತ ಕಿರಿದಾದ ಗುಡ್ಡ ಮಾಮೂಲಿ ವಿಂಡೋಗಳಲ್ಲಿ ಯಾವುದಕ್ಕೂ ಇಲ್ಲ. ಪಕ್ಕದ ಮೊದಲ ದಿಬ್ಬ (ಸೈಡ್ ಲೋಬ್) ಅದಕ್ಕಿಂತ ಬರೀ 13.3 ಡೆಸಿಬೆಲ್ ಕೆಳಗೆ. ಅಲ್ಲಿಂದಾಚೆ ದೂರ ಎರಡು ಪಟ್ಟಾದಾಗಲೆಲ್ಲ ದಿಬ್ಬಗಳು 6 ಡೆಸಿಬೆಲ್ ಇಳಿಯುತ್ತವೆ. ಕಿರಿದಾದ ಗುಡ್ಡ ಇದರ ಶಕ್ತಿ, ನಿಧಾನದ ಇಳಿತ ಇದರ ರೋಗ.

1000 ಹರ್ಟ್ಸ್‌ಗೆ ಒಂದೇ ಗೆರೆ ಬಂತು, ಸುತ್ತ ಎಲ್ಲಾ ಸೊನ್ನೆ. ಹಾಗಾದ್ರೆ ಸೈಡ್ ಲೋಬ್ ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಡಿಎಫ್‌ಟಿ ಆ ಆಕಾರವನ್ನು ಬಿನ್‌ಗಳ ಜಾಗದಲ್ಲಿ ಮಾತ್ರ ಇಣುಕಿ ನೋಡುತ್ತದೆ. ಸಿಗ್ನಲ್ ಸರಿಯಾಗಿ ಬಿನ್ ಮೇಲೆ ಕೂತಾಗ ಆ ಇಣುಕುವ ಜಾಗಗಳೆಲ್ಲ ದಿಬ್ಬಗಳ ನಡುವಿನ ಸೊನ್ನೆಗಳ ಮೇಲೇ ಬೀಳುತ್ತವೆ. ಅದೇ ತುಂಡಿಗೆ ಹಿಂದೆ ಒಂದಷ್ಟು ಸೊನ್ನೆ ಸೇರಿಸಿ ಎಫ್‌ಎಫ್‌ಟಿ ತೆಗೆಯಿರಿ, ದಿಬ್ಬಗಳೆಲ್ಲ ಎದ್ದು ನಿಲ್ಲುತ್ತವೆ.

## ಕೆಲಸಕ್ಕೆ ಇಳಿದಾಗ

ಸ್ಯಾಂಪಲ್ ಜಾಸ್ತಿ ತಗೊಂಡ್ರೆ ಸೈಡ್ ಲೋಬ್ ಕಡಿಮೆ ಆಗಲ್ವಾ?

ಆಗುವುದಿಲ್ಲ. 800 ಇದ್ದದ್ದನ್ನು 8000 ಮಾಡಿ, 80,000 ಮಾಡಿ, ಮೊದಲ ದಿಬ್ಬ ಅದೇ 13 ಡೆಸಿಬೆಲ್ ಕೆಳಗೆ ಇರುತ್ತದೆ. ಆಕಾರ ಹಾಗೇ ಇದ್ದು ಅಗಲ ಮಾತ್ರ ಕುಗ್ಗುತ್ತದೆ. ಹರ್ಟ್ಸ್ ಲೆಕ್ಕದಲ್ಲಿ ನೋಡಿದರೆ ಲಾಭ ಇದೆ: ಒಂದು ನಿರ್ದಿಷ್ಟ ದೂರದಲ್ಲಿ ಸೋರಿಕೆ ಸ್ಯಾಂಪಲ್ ಎರಡು ಪಟ್ಟಾದರೆ ಸುಮಾರು ಅರ್ಧ ಆಗುತ್ತದೆ. ಆದರೆ 40 ಡೆಸಿಬೆಲ್ ತಗ್ಗಿಸಲು 100 ಪಟ್ಟು ಉದ್ದದ ರೆಕಾರ್ಡಿಂಗ್ ಬೇಕು. ವಿಂಡೋ ಬದಲಾಯಿಸುವುದಕ್ಕೆ ಒಂದು ಸಾಲು ಸಾಕು.

ಹಾಗಾದ್ರೆ ಕಣ್ಣು ಮುಚ್ಚಿ ಹ್ಯಾನ್ ಹಾಕಿಬಿಟ್ಟರೆ ಆಯ್ತಲ್ಲ? ರೆಕ್ಟ್ಯಾಂಗ್ಯುಲರ್ ಇಂದ ಏನು ಪ್ರಯೋಜನ?

ಹ್ಯಾನ್ ಅಂದರೆ ನಡುವೆ 1 ಇದ್ದು ಎರಡೂ ತುದಿಗಳಲ್ಲಿ ಮೆಲ್ಲಗೆ ಸೊನ್ನೆಗೆ ಇಳಿಯುವ ವಿಂಡೋ. ಸಿಗ್ನಲ್ ಎಂಥದ್ದು ಅಂತ ಗೊತ್ತೇ ಇಲ್ಲದಿದ್ದರೆ ಹ್ಯಾನ್ ಹಾಕಿ, ನಾನೂ ಅದನ್ನೇ ಮಾಡುತ್ತೇನೆ. ಕಾರಣ ಮೇಲಿನ 1005 ಹರ್ಟ್ಸ್‌ನಲ್ಲೇ ಇದೆ. ಅದರ ಜೊತೆ 1500 ಹರ್ಟ್ಸ್‌ನಲ್ಲಿ ಸಾವಿರದ ಒಂದು ಪಾಲಿನಷ್ಟು ಸಣ್ಣ ಸಿಗ್ನಲ್ ಇದೆ ಅಂದುಕೊಳ್ಳಿ, ಅಂದರೆ 60 ಡೆಸಿಬೆಲ್ ಕೆಳಗೆ. ರೆಕ್ಟ್ಯಾಂಗ್ಯುಲರ್‌ನಲ್ಲಿ ದೊಡ್ಡ ಸಿಗ್ನಲ್‌ನ ಸೋರಿಕೆಯೇ ಅಲ್ಲಿ ಸುಮಾರು 44 ಡೆಸಿಬೆಲ್ ಕೆಳಗೆ ನಿಂತಿರುತ್ತದೆ. ಫೇಸ್ ಬದಲಾದರೆ ಒಂದೆರಡು ಡೆಸಿಬೆಲ್ ಆಚೀಚೆ. ಸಣ್ಣದು ಪೂರ್ತಿ ಮುಳುಗಿಹೋಯಿತು. ಹ್ಯಾನ್ ಹಾಕಿದರೆ ಅದೇ ಜಾಗದಲ್ಲಿ ಸೋರಿಕೆ 100 ಡೆಸಿಬೆಲ್‌ಗಿಂತಲೂ ಕೆಳಗೆ ಹೋಗುತ್ತದೆ. ಸಣ್ಣ ಸಿಗ್ನಲ್ ಕೈಗೆ ಸಿಗುವಷ್ಟು ಸ್ಪಷ್ಟ.

ಆದರೆ ಹ್ಯಾನ್ ಪುಕ್ಕಟೆ ಅಲ್ಲ. ಅದರ ಗುಡ್ಡ 4 ಬಿನ್ ಅಗಲ. 1000 ಮತ್ತು 1015 ಹರ್ಟ್ಸ್‌ನ ಎರಡು ಸಮನಾದ ಅಲೆಗಳನ್ನು ಅದೇ 800 ಸ್ಯಾಂಪಲ್‌ಗಳಲ್ಲಿ ಹಿಡಿದರೆ ಹ್ಯಾನ್‌ನಲ್ಲಿ ಎರಡೂ ಕಲೆತು ಒಂದೇ ಗುಡ್ಡವಾಗುವ ಸಂಭವ ಜಾಸ್ತಿ. ರೆಕ್ಟ್ಯಾಂಗ್ಯುಲರ್‌ನಲ್ಲಿ ಎರಡು ತಲೆ ಬೇರೆ ಬೇರೆ ಕಾಣುವ ಅವಕಾಶ ಹೆಚ್ಚು. ಹತ್ತಿರದ, ಸಮನಾದ ಎರಡನ್ನು ಬಿಡಿಸಲು ರೆಕ್ಟ್ಯಾಂಗ್ಯುಲರ್ ಒಳ್ಳೆಯದು. ದೂರದ, ಎತ್ತರದಲ್ಲಿ ಬಹಳ ಅಂತರ ಇರುವ ಎರಡನ್ನು ನೋಡಲು ಹ್ಯಾನ್ ಅಥವಾ ಅಂಥದ್ದೇ ಬ್ಲಾಕ್‌ಮನ್ ವಿಂಡೋ.

ಗದ್ದಲದ ಲೆಕ್ಕವೂ ಇದೆ. ವೈಟ್ ನಾಯ್ಸ್ (ಎಲ್ಲ ಫ್ರೀಕ್ವೆನ್ಸಿಗಳಲ್ಲೂ ಸಮನಾಗಿ ಹರಡಿದ ಗದ್ದಲ) ನಡುವೆ ಒಂದು ಅಲೆಯನ್ನು ಹುಡುಕುವಾಗ ಹ್ಯಾನ್ ಒಂದೂವರೆ ಬಿನ್‌ನಷ್ಟು ಗದ್ದಲವನ್ನು ಒಳಗೆ ಬಿಡುತ್ತದೆ, ರೆಕ್ಟ್ಯಾಂಗ್ಯುಲರ್ ಒಂದು ಬಿನ್‌ನಷ್ಟು ಮಾತ್ರ. ವ್ಯತ್ಯಾಸ 1.76 ಡೆಸಿಬೆಲ್. ಕಡಿಮೆ ಅನ್ನಿಸಬಹುದು. ಗದ್ದಲದ ಅಂಚಿನಲ್ಲಿ ಕೆಲಸ ಮಾಡುವವರಿಗೆ ಅದು ಕಡಿಮೆ ಅಲ್ಲ.

ರೆಕ್ಟ್ಯಾಂಗ್ಯುಲರ್ರೇ ಸರಿ ಅಂತ ಧೈರ್ಯವಾಗಿ ಹೇಳೋ ಸಂದರ್ಭ ಯಾವುದು?

ಕೇಳಬೇಕಾದದ್ದು ಒಂದೇ: ತುಂಡಿನ ಎರಡು ತುದಿಗಳು ಒಂದಕ್ಕೊಂದು ಕೂಡುತ್ತವೆಯಾ? ಕೂಡಿದರೆ ರೆಕ್ಟ್ಯಾಂಗ್ಯುಲರ್.

ತುದಿಗಳು ಕೂಡುವ ಮೊದಲ ಬಗೆ, ಸೊನ್ನೆಯಲ್ಲಿ ಶುರುವಾಗಿ ಸೊನ್ನೆಯಲ್ಲಿ ಮುಗಿಯುವ ಸಿಗ್ನಲ್. ಕಂಪನ ಪರೀಕ್ಷೆಯಲ್ಲಿ ಸುತ್ತಿಗೆಯಿಂದ ಒಂದು ಏಟು ಹಾಕಿ, ಸದ್ದು ಪೂರ್ತಿ ಅಡಗುವ ತನಕ ರೆಕಾರ್ಡ್ ಮಾಡುತ್ತಾರಲ್ಲ, ಅಂಥದ್ದು. ಅಲ್ಲಿ ಹ್ಯಾನ್ ಹಾಕುವುದು ಬರೀ ಅನಗತ್ಯವಲ್ಲ, ತಪ್ಪು. ಏಟು ಬಿದ್ದದ್ದು ತುಂಡಿನ ಮೊದಲಲ್ಲಿ. ಹ್ಯಾನ್‌ನ ಬೆಲೆ ಅಲ್ಲಿ ಸೊನ್ನೆ. ಅಳೆಯಬೇಕಾದದ್ದನ್ನೇ ಅಳಿಸಿ ಹಾಕಿದಂತೆ ಆಗುತ್ತದೆ.

ಎರಡನೆಯದು, ಪೂರ್ಣ ಸುತ್ತುಗಳಿಗೆ ಕತ್ತರಿಸಿದ ಆವರ್ತಕ ಸಿಗ್ನಲ್. ವಿದ್ಯುತ್ ಜಾಲದ ಹಾರ್ಮೋನಿಕ್ (ಮೂಲ ಫ್ರೀಕ್ವೆನ್ಸಿಯ ಪಟ್ಟುಗಳಲ್ಲಿ ಬರುವ ಅಲೆಗಳು) ಅಳೆಯುವ ಐಇಸಿ 61000-4-7 ಮಾನದಂಡ ಇದನ್ನೇ ಹೇಳುತ್ತದೆ: 50 ಹರ್ಟ್ಸ್ ಜಾಲದಲ್ಲಿ 10 ಸುತ್ತು, 60 ಹರ್ಟ್ಸ್ ಜಾಲದಲ್ಲಿ 12 ಸುತ್ತು, ಎರಡೂ ಸುಮಾರು 200 ಮಿಲಿಸೆಕೆಂಡು, ರೆಕ್ಟ್ಯಾಂಗ್ಯುಲರ್ ವಿಂಡೋ. ಜಾಲದ ಫ್ರೀಕ್ವೆನ್ಸಿ ಸ್ವಲ್ಪ ಓಲಾಡುತ್ತಲೇ ಇರುತ್ತದೆ, ಆದ್ದರಿಂದ ಸ್ಯಾಂಪ್ಲಿಂಗ್ ಅದರ ಹಿಂದೆಯೇ ಹೆಜ್ಜೆ ಹಾಕಬೇಕು.

ತುದಿಗಳು ಕೂಡದಿದ್ದರೂ ರೆಕ್ಟ್ಯಾಂಗ್ಯುಲರ್ ನಡೆಯುವುದು ವೈಟ್ ನಾಯ್ಸ್‌ಗೆ. ಅದರ ಸ್ಪೆಕ್ಟ್ರಮ್ ಎಲ್ಲ ಕಡೆ ಸಮತಟ್ಟು, ಒಂದು ಬಿನ್‌ನಿಂದ ಇನ್ನೊಂದಕ್ಕೆ ಸೋರಿದರೂ ಚಿತ್ರ ಕೆಡುವುದಿಲ್ಲ.

ಕೊಹೆರೆಂಟ್ ಸ್ಯಾಂಪ್ಲಿಂಗ್ ಅಂದ್ರೆ ಪೂರ್ಣ ಸುತ್ತು ಹಿಡಿಯೋದು ಅಷ್ಟೇನಾ? ಲೆಕ್ಕ ಹೇಗೆ ಹಾಕೋದು?

ಸಿಗ್ನಲ್ ನಿಮ್ಮ ಕೈಯಲ್ಲೇ ಇದ್ದಾಗ, ಉದಾಹರಣೆಗೆ ಎಡಿಸಿ (ಅನಲಾಗ್ ಸಿಗ್ನಲ್ ಅನ್ನು ಅಂಕಿಗಳಾಗಿಸುವ ಚಿಪ್) ಪರೀಕ್ಷೆ ಮಾಡುವಾಗ, ಫ್ರೀಕ್ವೆನ್ಸಿಯನ್ನು ನೀವೇ ಆರಿಸಬಹುದು. ಸೂತ್ರ ಸುಲಭ: ಸ್ಯಾಂಪ್ಲಿಂಗ್ ದರವನ್ನು ಸ್ಯಾಂಪಲ್‌ಗಳ ಸಂಖ್ಯೆಯಿಂದ ಭಾಗಿಸಿ, ಬೇಕಾದ ಸುತ್ತುಗಳಿಂದ ಗುಣಿಸಿ. 8000 ಹರ್ಟ್ಸ್ ದರ, 1024 ಸ್ಯಾಂಪಲ್, 127 ಸುತ್ತು ಅಂದರೆ 992.1875 ಹರ್ಟ್ಸ್.

128 ಸುತ್ತು ಇಟ್ಟರೆ 1000 ಹರ್ಟ್ಸ್ ಅಂತ ದುಂಡಗೆ ಬರುತ್ತಿತ್ತಲ್ಲ ಅನ್ನಬಹುದು. ಅಲ್ಲೇ ಇರುವುದು ಮೋಸ. 128 ಸುತ್ತಿಗೆ 1024 ಸ್ಯಾಂಪಲ್ ಅಂದರೆ ಸುತ್ತಿಗೆ ಸರಿಯಾಗಿ 8. ಅದೇ ಎಂಟು ಬೆಲೆಗಳು 128 ಸಲ ಮರಳಿ ಬರುತ್ತವೆ. ಎಡಿಸಿಯ ಉಳಿದ ಕೋಡ್‌ಗಳು (ಅದು ಕೊಡಬಲ್ಲ ಅಂಕಿಗಳು) ಪರೀಕ್ಷೆಗೇ ಬರುವುದಿಲ್ಲ, ಕ್ವಾಂಟೈಸೇಶನ್ (ಹತ್ತಿರದ ಅಂಕಿಗೆ ಹೊಂದಿಸುವ) ತಪ್ಪುಗಳೆಲ್ಲ ಹಾರ್ಮೋನಿಕ್‌ಗಳ ಮೇಲೆ ಗುಡ್ಡೆ ಬೀಳುತ್ತವೆ. 127ಕ್ಕೂ 1024ಕ್ಕೂ ಸಾಮಾನ್ಯ ಭಾಜಕ ಇಲ್ಲದ ಕಾರಣ 1024 ಸ್ಯಾಂಪಲ್‌ಗಳೂ ಅಲೆಯ ಬೇರೆ ಬೇರೆ ಜಾಗದಲ್ಲಿ ಬೀಳುತ್ತವೆ. ಇನ್ನೊಂದು ಮಾತು, ಸಿಗ್ನಲ್ ಜನರೇಟರ್‌ಗೂ ಎಡಿಸಿಗೂ ಒಂದೇ ಕ್ಲಾಕ್ ಇರಲಿ. ಎರಡು ಗಡಿಯಾರ ಬೇರೆ ಬೇರೆ ನಡೆದರೆ ಈ ಲೆಕ್ಕವೆಲ್ಲ ನೀರಲ್ಲಿ ಹೋಮ.

ಕೋಡ್‌ನಲ್ಲಿ ಎಲ್ಲಾ ಸರಿ ಇದೆ, ಪೂರ್ಣ ಸುತ್ತೇ ಇದೆ. ಆದ್ರೂ ಲೀಕ್ ಆಗ್ತಿದೆ. ಯಾಕೆ?

ಕಾಲದ ಸಾಲನ್ನು ಹೇಗೆ ಮಾಡಿದಿರಿ ಅಂತ ಮೊದಲು ನೋಡಿ. ನಾನೇ ಒಂದು ಸಂಜೆ ಪೂರ್ತಿ ಇದಕ್ಕೆ ಕಳೆದುಕೊಂಡಿದ್ದೇನೆ. ಪೈಥಾನ್‌ನ ನಂಪೈ ಲೈಬ್ರರಿಯ ಲಿನ್‌ಸ್ಪೇಸ್‌ಗೆ 0ಯಿಂದ 0.1 ಸೆಕೆಂಡಿನವರೆಗೆ 800 ಬಿಂದು ಕೊಡು ಅಂದೆ. ಕೊಟ್ಟಿತು. ಅಲೆ 1000 ಹರ್ಟ್ಸ್, ಸುತ್ತು 100. ಸ್ಪೆಕ್ಟ್ರಮ್‌ನಲ್ಲಿ ಮಾತ್ರ ಗೆರೆಯ ಬುಡದಲ್ಲಿ ಲಂಗದ ಹಾಗೆ ಹರಡಿಕೊಂಡ ಸೋರಿಕೆ. ಎಫ್‌ಎಫ್‌ಟಿಯ ಮೇಲೇ ಅನುಮಾನ ಬಂತು. ಕೊನೆಗೆ ಮೊದಲ ಮತ್ತು ಕೊನೆಯ ಸ್ಯಾಂಪಲ್ ಪ್ರಿಂಟ್ ಮಾಡಿ ನೋಡಿದರೆ ಎರಡೂ ಸೊನ್ನೆ!

ಲಿನ್‌ಸ್ಪೇಸ್ ಕೊನೆಯ ಬಿಂದುವನ್ನೂ ಸೇರಿಸಿಕೊಳ್ಳುತ್ತದೆ. ಆ ಕೊನೆಯ ಬಿಂದು ಅಂದರೆ ಮುಂದಿನ ಸುತ್ತಿನ ಮೊದಲ ಬಿಂದು. ಬಳೆ ಮಾಡಿದಾಗ ಒಂದೇ ಬೆಲೆ ಎರಡು ಸಲ ಬರುತ್ತದೆ. ಡಿಎಫ್‌ಟಿಯ ಕಣ್ಣಿಗೆ 100 ಸುತ್ತಲ್ಲ, 100.125 ಸುತ್ತು. ಪಕ್ಕದ ಬಿನ್‌ನಲ್ಲಿ ಸುಮಾರು 17 ಡೆಸಿಬೆಲ್ ಕೆಳಗೆ, 50 ಬಿನ್ ದೂರದಲ್ಲೂ ಸುಮಾರು 50 ಡೆಸಿಬೆಲ್ ಕೆಳಗೆ ಕಸ ನಿಂತಿರುತ್ತದೆ. ಒಂದೇ ಒಂದು ಸ್ಯಾಂಪಲ್‌ನ ಫಲ. ಎಂಡ್‌ಪಾಯಿಂಟ್ ಅನ್ನು ಫಾಲ್ಸ್ ಮಾಡಿ. ಅಥವಾ 0, 1, 2 ಅಂತ ಎಣಿಸಿ ಸ್ಯಾಂಪ್ಲಿಂಗ್ ದರದಿಂದ ಭಾಗಿಸಿ. ನಾನು ಈಗ ಎರಡನೆಯದನ್ನೇ ಮಾಡುತ್ತೇನೆ, ಆ ಸಂಜೆ ಮರೆತಿಲ್ಲ.

ಒಂದೇ ಸಿಗ್ನಲ್, ಫ್ರೀಕ್ವೆನ್ಸಿ ಸ್ವಲ್ಪ ಬದಲಾದ್ರೆ ಪೀಕ್ ಎತ್ತರ ಕಡಿಮೆ ಬರುತ್ತೆ. ಮೀಟರ್ ಕೆಟ್ಟಿದೆಯಾ?

ಮೀಟರ್ ಸರಿಯಾಗಿದೆ. ಇದಕ್ಕೆ ಸ್ಕ್ಯಾಲಪಿಂಗ್ ಲಾಸ್ ಅನ್ನುತ್ತಾರೆ. ಸಿಗ್ನಲ್ ಎರಡು ಬಿನ್‌ಗಳ ಸರಿ ನಡುವೆ ಬಿದ್ದರೆ ರೆಕ್ಟ್ಯಾಂಗ್ಯುಲರ್‌ನಲ್ಲಿ 3.92 ಡೆಸಿಬೆಲ್ ಕಡಿಮೆ ಕಾಣುತ್ತದೆ. 10 ವೋಲ್ಟ್ ಇದ್ದದ್ದು 6.37 ವೋಲ್ಟ್ ಅಂತ ಓದುತ್ತದೆ. ಹ್ಯಾನ್‌ನಲ್ಲಿ ಈ ನಷ್ಟ 1.42 ಡೆಸಿಬೆಲ್. ಎತ್ತರವನ್ನೇ ಅಳೆಯುವುದಾದರೆ ಫ್ಲಾಟ್‌ಟಾಪ್ ವಿಂಡೋ ಹಾಕಿ, ಅದು ಹುಟ್ಟಿದ್ದೇ ಅದಕ್ಕೆ.

ರೆಕ್ಟ್ಯಾಂಗ್ಯುಲರ್‌ನಲ್ಲೇ ಇರಬೇಕು, ಇರುವುದು ಒಂದೇ ಅಲೆ, ಗದ್ದಲ ಕಡಿಮೆ ಅಂದರೆ ಒಂದು ಒಳ್ಳೆಯ ಉಪಾಯ ಇದೆ. ಅತಿ ಎತ್ತರದ ಬಿನ್ ಮತ್ತು ಅದರ ಪಕ್ಕದ ಎತ್ತರದ ಬಿನ್ ತೆಗೆದುಕೊಳ್ಳಿ. ಚಿಕ್ಕದನ್ನು ಎರಡರ ಮೊತ್ತದಿಂದ ಭಾಗಿಸಿ. ಬಂದದ್ದೇ ದೊಡ್ಡ ಬಿನ್‌ನಿಂದ ಪಕ್ಕದ ಕಡೆಗೆ ಸಿಗ್ನಲ್ ಎಷ್ಟು ಸರಿದಿದೆ ಅನ್ನುವ ಲೆಕ್ಕ. ಎರಡೂ ಸಮ ಇದ್ದರೆ ಅರ್ಧ ಬಿನ್, ಚಿಕ್ಕದು ಸೊನ್ನೆ ಇದ್ದರೆ ಸರಿದಿಲ್ಲ. ಇಷ್ಟು ಸರಳವಾಗಿ ಬಿಡಿಸಲು ಬರುವುದು ಇದರ ಆಕಾರ ಅಷ್ಟು ಸರಳವಾಗಿರುವುದರಿಂದ.

ಝೀರೋ ಪ್ಯಾಡಿಂಗ್ ಮಾಡಿದ್ರೆ ರೆಸಲ್ಯೂಷನ್ ಹೆಚ್ಚಾಗುತ್ತೆ ಅಂತಾರೆ, ನಿಜಾನಾ?

ಗೆರೆ ನುಣುಪಾಗುತ್ತದೆ, ರೆಸಲ್ಯೂಷನ್ ಹೆಚ್ಚುವುದಿಲ್ಲ. 800 ಸ್ಯಾಂಪಲ್‌ಗೆ 7200 ಸೊನ್ನೆ ಸೇರಿಸಿದರೆ ಬಿನ್‌ಗಳು 1 ಹರ್ಟ್ಸ್‌ಗೆ ಒಂದರಂತೆ ಬರುತ್ತವೆ, ಪೀಕ್ ಎಲ್ಲಿದೆ ಅಂತ ಚೆನ್ನಾಗಿ ಕಾಣುತ್ತದೆ. ಸ್ಕ್ಯಾಲಪಿಂಗ್ ಕೂಡ ಬಹುತೇಕ ಹೋಗುತ್ತದೆ. ಆದರೆ ಗುಡ್ಡದ ಅಗಲ ಇನ್ನೂ 20 ಹರ್ಟ್ಸ್, ಯಾಕೆಂದರೆ ನೀವು ಸಿಗ್ನಲ್ ಕೇಳಿಸಿಕೊಂಡದ್ದು 0.1 ಸೆಕೆಂಡು ಮಾತ್ರ. ಸೊನ್ನೆ ಸೇರಿಸಿದರೆ ಹೊಸ ಸುದ್ದಿ ಬರುವುದಿಲ್ಲ. ಬೇರೆ ವಿಂಡೋ ಹಾಕುವುದಾದರೆ ಅದು 800 ಸ್ಯಾಂಪಲ್ ಉದ್ದವೇ ಇರಲಿ, 8000 ಅಲ್ಲ. ಈ ತಪ್ಪು ಬಹಳ ಕೋಡ್‌ಗಳಲ್ಲಿ ನೋಡಿದ್ದೇನೆ.

ಡಿಸಿ ಆಫ್‌ಸೆಟ್ ತೆಗೆಯದೆ ರೆಕ್ಟ್ಯಾಂಗ್ಯುಲರ್ ಬಳಸಿದ್ರೆ ಎಲ್ಲಾ ಕಡೆ ಸೋರುತ್ತಾ?

ತಮಾಷೆ ಅಂದರೆ, ಸೋರುವುದಿಲ್ಲ. ಡಿಸಿ ಅಂದರೆ ಸ್ಥಿರವಾದ ಬೆಲೆ, ಅದರ ಎರಡು ತುದಿಗಳು ಯಾವಾಗಲೂ ಕೂಡುತ್ತವೆ. ಅದು ಪೂರ್ತಿ 0ನೇ ಬಿನ್‌ನಲ್ಲೇ ಕೂರುತ್ತದೆ. ಹ್ಯಾನ್ ಹಾಕಿದರೆ 1ನೇ ಬಿನ್‌ಗೂ ಹರಡುತ್ತದೆ. ಆದರೆ ಝೀರೋ ಪ್ಯಾಡಿಂಗ್ ಮಾಡಿದರೆ ಈ ಭಾಗ್ಯ ಹೋಯಿತು, ಡಿಸಿ ತೆಗೆದೇ ಪ್ಯಾಡ್ ಮಾಡಿ. ಇನ್ನು ಸಿಗ್ನಲ್ ನಿಧಾನಕ್ಕೆ ಏರುತ್ತಲೋ ಇಳಿಯುತ್ತಲೋ ಇದ್ದರೆ ಅದು ಬೇರೆಯೇ ಕಥೆ. ಏರಿದ್ದು ಕೊನೆಯಲ್ಲಿ ಧೊಪ್ಪೆಂದು ಬೀಳುತ್ತದೆ, ಕೆಳಗಿನ ಬಿನ್‌ಗಳೆಲ್ಲ ಹಾಳು. ಆ ಓರೆಯನ್ನು ಮೊದಲೇ ಕಳೆದುಬಿಡಿ.

## ಸ್ವಲ್ಪ ಆಳಕ್ಕೆ

ಎಫ್‌ಐಆರ್ ಫಿಲ್ಟರ್ ಡಿಸೈನ್‌ನಲ್ಲಿ ಟ್ಯಾಪ್ ಎಷ್ಟೇ ಹೆಚ್ಚಿಸಿದ್ರೂ 21 ಡೆಸಿಬೆಲ್ ದಾಟ್ತಾ ಇಲ್ಲ. ಏನು ತಪ್ಪು?

ತಪ್ಪಿಲ್ಲ, ರೆಕ್ಟ್ಯಾಂಗ್ಯುಲರ್‌ನ ಮಿತಿಯೇ ಅಷ್ಟು. ಎಫ್‌ಐಆರ್ ಫಿಲ್ಟರ್ ಅಂದರೆ ಕಳೆದ ಕೆಲವು ಸ್ಯಾಂಪಲ್‌ಗಳನ್ನು ತೂಕ ಹಾಕಿ ಕೂಡಿಸುವುದು, ಆ ಒಂದೊಂದು ತೂಕವೇ ಟ್ಯಾಪ್. ಆದರ್ಶ ಲೋಪಾಸ್ (ಕೆಳಗಿನ ಫ್ರೀಕ್ವೆನ್ಸಿಗಳನ್ನು ಮಾತ್ರ ಬಿಡುವ) ಫಿಲ್ಟರ್‌ನ ಇಂಪಲ್ಸ್ ರೆಸ್ಪಾನ್ಸ್‌ಗೆ, ಅಂದರೆ ಆ ತೂಕಗಳ ಸಾಲಿಗೆ, ಕೊನೆಯಿಲ್ಲ. ಅದನ್ನು 101 ಟ್ಯಾಪ್‌ಗೆ ಕತ್ತರಿಸಿದಾಗ ಅಂಚಿನ ಎರಡೂ ಕಡೆ ಅಲೆಗಳು ಏಳುತ್ತವೆ. ಟ್ಯಾಪ್ 1001 ಮಾಡಿದರೆ ಅಲೆಗಳು ಅಂಚಿನ ಹತ್ತಿರ ಒತ್ತಿಕೊಳ್ಳುತ್ತವೆಯೇ ಹೊರತು ತಗ್ಗುವುದಿಲ್ಲ.

ಇದೇ ಗಿಬ್ಸ್ ವಿದ್ಯಮಾನ. ಗಿಬ್ಸ್ 1899ರಲ್ಲಿ ನೇಚರ್ ಪತ್ರಿಕೆಗೆ ಬರೆದ ಪತ್ರದಿಂದ ಹೆಸರಾಯಿತು. ಆದರೆ ವಿಲ್‌ಬ್ರಹಾಮ್ ಅನ್ನುವವರು 1848ರಲ್ಲೇ ಇದನ್ನು ಬರೆದಿಟ್ಟಿದ್ದರು, ಯಾರೂ ಗಮನಿಸಲಿಲ್ಲ. ಜಿಗಿತದ ಎತ್ತರದ ಸುಮಾರು 9 ಶೇಕಡದಷ್ಟು ಅಲೆ ಮೀರಿ ಹೋಗುತ್ತದೆ. ಈಗ 0.09 ಅನ್ನು ಡೆಸಿಬೆಲ್‌ಗೆ ತಿರುಗಿಸಿ. 21 ಬಂತಲ್ಲ! ನಿಮ್ಮ ಸ್ಟಾಪ್‌ಬ್ಯಾಂಡ್ (ತಡೆಯಬೇಕಾದ ಭಾಗ) ಅಲ್ಲಿಗೇ ನಿಂತದ್ದು ಇದೇ ಕಾರಣಕ್ಕೆ. ಹ್ಯಾಮಿಂಗ್ ವಿಂಡೋ ಹಾಕಿದರೆ ಸುಮಾರು 53 ಡೆಸಿಬೆಲ್ ಸಿಗುತ್ತದೆ, ಅಂಚು ಸ್ವಲ್ಪ ಓರೆಯಾಗುತ್ತದೆ.

ಹಾಗಂತ ರೆಕ್ಟ್ಯಾಂಗ್ಯುಲರ್ ಕೆಟ್ಟ ಡಿಸೈನ್ ಅಂತಲ್ಲ. ಅಷ್ಟೇ ಟ್ಯಾಪ್‌ಗಳಲ್ಲಿ ಆದರ್ಶ ಫಿಲ್ಟರ್‌ಗೆ ವರ್ಗಗಳ ಲೆಕ್ಕದಲ್ಲಿ ಅತಿ ಹತ್ತಿರ ಇರುವುದು ಅದೇ. ಒಟ್ಟು ತಪ್ಪು ಕಡಿಮೆ, ಒಂದು ಜಾಗದಲ್ಲಿನ ತಪ್ಪು ಜಾಸ್ತಿ. ನಿಮಗೆ ಯಾವುದು ನೋಯುತ್ತದೆ ಅನ್ನುವುದರ ಮೇಲೆ ಆಯ್ಕೆ.

ಫಿಲ್ಟರ್ ಯಾಕೆ ಬೇಕು? ಎಫ್‌ಎಫ್‌ಟಿ ತೆಗೆದು ಬೇಡದ ಬಿನ್‌ಗಳನ್ನ ಸೊನ್ನೆ ಮಾಡಿ ವಾಪಸ್ ತಂದ್ರೆ ಆಯ್ತಲ್ವಾ?

ಈ ಸಲ ಆಯತವನ್ನು ಕಾಲದ ಬದಲು ಫ್ರೀಕ್ವೆನ್ಸಿಯಲ್ಲಿ ಇಟ್ಟಿರಿ, ಅಷ್ಟೇ. ಫಲ ಕಾಲದಲ್ಲಿ ಕಾಣುತ್ತದೆ. ಚೂಪಾದ ಪ್ರತಿ ಬದಲಾವಣೆಯ ಹಿಂದೆ ಮುಂದೆ ನಡುಕ ಬರುತ್ತದೆ. ಆಡಿಯೋದಲ್ಲಿ ತಬಲಾದ ಪೆಟ್ಟು ಬೀಳುವ ಮೊದಲೇ ಅದರ ನೆರಳು ಕೇಳಿಸಬಹುದು. ತುಂಡಿನ ಕೊನೆಯ ನಡುಕ ಸುತ್ತಿ ಬಂದು ಮೊದಲಲ್ಲೂ ಕೂರುತ್ತದೆ. ಒಂದು ಚಿತ್ರ ನೋಡಲು ಪರವಾಗಿಲ್ಲ, ತುಂಡು ತುಂಡಾಗಿ ಹರಿದು ಬರುವ ಸಿಗ್ನಲ್‌ಗೆ ಬೇಡ.

ಮೂವಿಂಗ್ ಆವರೇಜ್‌ಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಅದೇ ಇದು. ಕಳೆದ ಇಷ್ಟು ಸ್ಯಾಂಪಲ್‌ಗಳ ಸರಾಸರಿ ಅಂದರೆ ಎಲ್ಲ ಟ್ಯಾಪ್‌ಗಳೂ ಸಮನಾಗಿರುವ ಎಫ್‌ಐಆರ್ ಫಿಲ್ಟರ್. ಅದರ ಫ್ರೀಕ್ವೆನ್ಸಿ ರೆಸ್ಪಾನ್ಸ್ ಅದೇ ಡಿರಿಕ್ಲೇ ಆಕಾರ, ಅದೇ 13 ಡೆಸಿಬೆಲ್‌ನ ದಿಬ್ಬ. ಲೋಪಾಸ್ ಫಿಲ್ಟರ್ ಅಂತ ನೋಡಿದರೆ ಬಡಪಾಯಿ. ಆದರೆ ವೈಟ್ ನಾಯ್ಸ್ ತಗ್ಗಿಸುತ್ತ ಮೆಟ್ಟಿಲಿನಂಥ ಬದಲಾವಣೆಯನ್ನು ಚೂಪಾಗಿ ಉಳಿಸುವುದರಲ್ಲಿ ಇದನ್ನು ಮೀರಿಸುವುದು ಕಷ್ಟ. 100 ಸ್ಯಾಂಪಲ್ ಸರಾಸರಿಗೆ ಗದ್ದಲ ಹತ್ತನೇ ಒಂದು ಪಾಲು.

ಇದರ ಸೊನ್ನೆಗಳೂ ಕೆಲಸಕ್ಕೆ ಬರುತ್ತವೆ. ಸರಿಯಾಗಿ 20 ಮಿಲಿಸೆಕೆಂಡು ಸರಾಸರಿ ತೆಗೆದರೆ 50 ಹರ್ಟ್ಸ್ ಹಮ್ ಮತ್ತು ಅದರ ಹಾರ್ಮೋನಿಕ್‌ಗಳು ಪೂರ್ತಿ ಮಾಯ. 100 ಮಿಲಿಸೆಕೆಂಡು ತೆಗೆದರೆ 50, 60 ಎರಡೂ ಹೋಗುತ್ತವೆ, ಒಂದರ 5 ಸುತ್ತು, ಇನ್ನೊಂದರ 6 ಸುತ್ತು. ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್‌ಗಳಲ್ಲಿ ಪವರ್ ಲೈನ್ ಸುತ್ತುಗಳ ಲೆಕ್ಕದಲ್ಲಿ ಅಳತೆಯ ಕಾಲ ಇಡುವುದು ಇದಕ್ಕೇ.

ಒಎಫ್‌ಡಿಎಂನಲ್ಲಿ ರೆಕ್ಟ್ಯಾಂಗ್ಯುಲರ್ ಬಳಸ್ತಾರಂತೆ. ಇಷ್ಟು ಸೋರೋದನ್ನ ಅಲ್ಲಿ ಯಾಕೆ ಇಟ್ಟುಕೊಂಡಿದ್ದಾರೆ?

ಒಎಫ್‌ಡಿಎಂ ಅಂದರೆ ಡೇಟಾವನ್ನು ಹತ್ತಿರ ಹತ್ತಿರದ ಹಲವು ಅಲೆಗಳ (ಸಬ್‌ಕ್ಯಾರಿಯರ್‌ಗಳ) ಮೇಲೆ ಹಂಚಿ ಕಳಿಸುವುದು. ಅಲ್ಲಿ ಬೇಕಾಗಿರುವುದೇ ರೆಕ್ಟ್ಯಾಂಗ್ಯುಲರ್‌ನ ಸೊನ್ನೆಗಳು. 802.11ಎ ವೈಫೈಯಲ್ಲಿ ಸಿಂಬಲ್‌ನ (ಒಂದು ಸಲಕ್ಕೆ ಕಳಿಸುವ ತುಂಡಿನ) ಉಪಯೋಗದ ಭಾಗ 3.2 ಮೈಕ್ರೋಸೆಕೆಂಡು. ಅದನ್ನು ಆಯತವಾಗಿ ಕತ್ತರಿಸಿದರೆ ಸೊನ್ನೆಗಳು 312.5 ಕಿಲೋಹರ್ಟ್ಸ್‌ಗೆ ಒಂದರಂತೆ ಬೀಳುತ್ತವೆ. ಸಬ್‌ಕ್ಯಾರಿಯರ್‌ಗಳನ್ನು ಸರಿಯಾಗಿ ಅಷ್ಟೇ ಅಂತರದಲ್ಲಿ ಇಟ್ಟಿದ್ದಾರೆ. ಒಂದರ ತುದಿ ಇರುವಲ್ಲಿ ಉಳಿದವೆಲ್ಲ ಸೊನ್ನೆ. ಒಂದರ ಮೇಲೊಂದು ಹತ್ತಿ ಕೂತಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ. ಎಲ್‌ಟಿಇಯಲ್ಲಿ ಇದೇ ಅಂತರ 15 ಕಿಲೋಹರ್ಟ್ಸ್.

ಬೆಲೆ ತೆರಲೇಬೇಕು. ರಿಸೀವರ್‌ನ ಫ್ರೀಕ್ವೆನ್ಸಿ ಸ್ವಲ್ಪ ಜಾರಿದರೂ ಸೊನ್ನೆಗಳ ಮೇಲಿನಿಂದ ಜಾರಿ ದಿಬ್ಬಗಳ ಮೇಲೆ ಬೀಳುತ್ತೀರಿ. ಆಚೆಯ ಚಾನೆಲ್‌ಗೆ ಹೋಗುವ ಸೋರಿಕೆಗೂ ಮದ್ದು ಬೇಕು, ಹಾಗಾಗಿ ಅಂಚಿನ ಕೆಲವು ಸಬ್‌ಕ್ಯಾರಿಯರ್‌ಗಳನ್ನು ಖಾಲಿ ಬಿಡುತ್ತಾರೆ.

ಫೋನ್ ಕೀ ಟೋನ್ ಹಿಡಿಯೋಕೆ ಗೋರ್ಟ್ಜೆಲ್ ಬಳಸುವಾಗ 205 ಸ್ಯಾಂಪಲ್ ಅಂತಾರೆ. ಅದೇನು 205?

ಗೋರ್ಟ್ಜೆಲ್ ಅಂದರೆ ಬೇಕಾದ ಬಿನ್ ಒಂದನ್ನೇ ಲೆಕ್ಕ ಹಾಕುವ ವಿಧಾನ. 8000 ಹರ್ಟ್ಸ್ ದರದಲ್ಲಿ 205 ಸ್ಯಾಂಪಲ್ ಅಂದರೆ ಬಿನ್‌ಗೆ ಸುಮಾರು 39 ಹರ್ಟ್ಸ್. ಡಿಟಿಎಂಎಫ್‌ನ (ಫೋನ್ ಕೀ ಟೋನ್ ಪದ್ಧತಿಯ) 697ರಿಂದ 1633 ಹರ್ಟ್ಸ್‌ವರೆಗಿನ ಎಂಟು ಟೋನ್‌ಗಳು ಆಗ 18, 20, 22, 24, 31, 34, 38, 42ನೇ ಬಿನ್‌ಗಳ ಹತ್ತಿರ ಬಂದು ಕೂರುತ್ತವೆ. ಅತಿ ಹೆಚ್ಚು ಸರಿದದ್ದು 770 ಹರ್ಟ್ಸ್, ಬಿನ್‌ನ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಆಗ ನಷ್ಟ ಬರೀ 1 ಡೆಸಿಬೆಲ್ ಚಿಲ್ಲರೆ. ಅತಿ ಹತ್ತಿರದ ಟೋನ್‌ಗಳ ನಡುವೆಯೂ ಸುಮಾರು ಎರಡು ಬಿನ್ ಅಂತರ ಇರುವುದರಿಂದ ರೆಕ್ಟ್ಯಾಂಗ್ಯುಲರ್‌ನ ಕಿರಿದಾದ ಗುಡ್ಡ ಇಲ್ಲಿ ಸರಿಹೊಂದುತ್ತದೆ. ಹ್ಯಾನ್ ಹಾಕಿದರೆ ಪಕ್ಕದ ಟೋನ್ ಗುಡ್ಡದ ಅಂಚಿಗೇ ಬಂದು ನಿಲ್ಲುತ್ತಿತ್ತು.

ಎರಡೂ ಬೇಕು: ರೆಕ್ಟ್ಯಾಂಗ್ಯುಲರ್‌ದೂ ನೋಡಬೇಕು, ಹ್ಯಾನ್‌ದೂ ನೋಡಬೇಕು. ಎರಡು ಸಲ ಎಫ್‌ಎಫ್‌ಟಿ ತೆಗೀಬೇಕಾ?

ಬೇಡ. ರೆಕ್ಟ್ಯಾಂಗ್ಯುಲರ್‌ನಲ್ಲಿ ಒಂದು ಸಲ ತೆಗೆಯಿರಿ. ಆಮೇಲೆ ಪ್ರತಿ ಬಿನ್‌ನ ಅರ್ಧದಿಂದ ಎರಡೂ ಪಕ್ಕದ ಬಿನ್‌ಗಳ ಕಾಲು ಕಾಲು ಭಾಗ ಕಳೆಯಿರಿ. ಅದೇ ಹ್ಯಾನ್ ಹಾಕಿದ ಸ್ಪೆಕ್ಟ್ರಮ್. ಆದರೆ ಕಾಂಪ್ಲೆಕ್ಸ್ ಬೆಲೆಗಳ ಮೇಲೇ ಮಾಡಬೇಕು. ಮ್ಯಾಗ್ನಿಟ್ಯೂಡ್ ತೆಗೆದ ಮೇಲೆ ಮಾಡಿದರೆ ಬರುವುದು ಕಸ. ಝೀರೋ ಪ್ಯಾಡ್ ಮಾಡಿರಬಾರದು, ಹ್ಯಾನ್ ಪೀರಿಯಾಡಿಕ್ ಬಗೆಯದ್ದಾಗಿರಬೇಕು.

ಪ್ರತಿ ಹೊಸ ಸ್ಯಾಂಪಲ್‌ಗೂ ಸ್ಪೆಕ್ಟ್ರಮ್ ಬೇಕಾದ ಸ್ಲೈಡಿಂಗ್ ಡಿಎಫ್‌ಟಿಯಲ್ಲಿ ಇದು ದೊಡ್ಡ ಅನುಕೂಲ. ಅಲ್ಲಿ ಹೊಸ ಸ್ಯಾಂಪಲ್ ಕೂಡಿಸಿ, ಹಳೆಯದನ್ನು ಕಳೆದು, ಫೇಸ್ ಒಂದಿಷ್ಟು ತಿರುಗಿಸಿದರೆ ಮುಗಿಯಿತು. ಒಳಗಿನ ಎಲ್ಲ ಸ್ಯಾಂಪಲ್‌ಗಳಿಗೂ ಒಂದೇ ತೂಕ ಇರುವುದರಿಂದಲೇ ಅಷ್ಟು ಸುಲಭ. ಹ್ಯಾನ್ ಬೇಕಾದಾಗ ಬೇಕಾದ ಬಿನ್‌ಗೆ ಮಾತ್ರ ಆ ಮೂರು ಬಿನ್‌ಗಳ ಲೆಕ್ಕ ಹಾಕಿಕೊಳ್ಳಿ. ರೆಕ್ಟ್ಯಾಂಗ್ಯುಲರ್‌ದನ್ನು ಉಳಿಸಿಟ್ಟರೆ ಅದರಿಂದ ಹ್ಯಾನ್ ಯಾವಾಗ ಬೇಕಾದರೂ ಸಿಗುತ್ತದೆ. ಹಾಗಾಗಿ ಡಿಸ್ಕ್‌ಗೆ ಬರೆಯುವಾಗ ನಾನು ಬರೆಯುವುದು ಅದನ್ನೇ.